ಒಂದು ಮನೆ, ಎರಡು ಸೂರು

...ಅದಕ್ಕೇ ಹೇಳ್ತಿರೋದು ತಂಗಿ, ನಾಳೆ ಆ ಇಂಜಿನಿಯರ್ ವಿಚಾರಣೆಗೆ ಬಂದಾಗ ನಾವಿಬ್ಬರೂ ಒಂದೇ ಮಾತು ಹೇಳಬೇಕು. ತೊಲೆ ಕೊಯ್ಸಿದ್ದು ಭಾವ, ನಿನ್ನ ಗಂಡ. ಅಷ್ಟೇ. ಕೊಯ್ದ ಕೈ ನಂದು, ಕೊಯ್ಯಿ ಅಂದ ಬಾಯಿ ಅವರದು. ಸತ್ತೋರನ್ನ ಯಾವ ಕಚೇರಿ ತಾನೇ ಏನು ಮಾಡುತ್ತೆ?

ಯಾಕೆ ಹಾಗೆ ನೋಡ್ತೀಯ? ಕೂತ್ಕೋ. ಅಲ್ಲಿ ಬೇಡ, ಮೇಲೆ ಏನೂ ಇಲ್ಲ, ಬಿಸಿಲು. ಸೂರು ಉಳಿದಿರೋ ಕಡೆ ಬಾ.

ನೋಡು, ನಿಯಮ ಏನು? ಹಳ್ಳಿ ಕಡೆ ಮೂವತ್ತು ಚದರ ಮೀಟರ್ ಒಳಗಿನ ಸೂರಿಗೆ ಪರವಾನಗಿ ಬೇಡ. ನಿಮ್ಮ ಮನೆ ಐವತ್ತಾರು. ಎರಡು ಭಾಗ ಮಾಡಿದ್ರೆ ಇಪ್ಪತ್ತೆಂಟು, ಇಪ್ಪತ್ತೆಂಟು. ಯಾರೂ ಕೇಳೋ ಹಾಗಿಲ್ಲ! ಆದ್ರೆ ತೊಲೆ ಒಂದೇ ಇದ್ರೆ ಎರಡು ಸೂರು ಅಂತ ಯಾರು ಒಪ್ತಾರೆ? ಅದಕ್ಕೇ ನಡುವೆ ಕೊಯ್ದು, ಎರಡೂ ತುದಿ ನಡುಗೋಡೆ ಮೇಲೆ ಕೂರಿಸಿದ್ದು. ನಾಲ್ಕು ಬೆರಳು ಈ ತುಂಡಿಗೆ, ನಾಲ್ಕು ಬೆರಳು ಆ ತುಂಡಿಗೆ. ಗಾಳಿಗೆ ತಗಡು ಎದ್ದು ತುಂಡು ಜಾರಿ... ಅದೇ ಹೊತ್ತಿಗೆ ಭಾವ ಅದರ ಕೆಳಗೇ ಇರಬೇಕಾ? ಆ ಗಾಳಿ ಬರದೇ ಇದ್ದಿದ್ರೆ...

ಸರಿ ಸರಿ. ಗಾಳಿ ಬರದೇ ಇರುತ್ತಾ ಅಂತ ತಾನೇ? ಬರುತ್ತೆ. ಗೊತ್ತು ನನಗೆ.

ತಪ್ಪು ಆ ಇಂಜಿನಿಯರ್‌ದೇ ಅನ್ನು. ಪರವಾನಗಿಗೆ ಕೊಟ್ಟ ನಕ್ಷೆನ ಎರಡು ಸಲ ವಾಪಸ್ ಕಳಿಸಿದ. ತೊಲೆನ ಗೋಡೆಗೆ ಬಿಗಿಯೋ ಕಬ್ಬಿಣದ ಪಟ್ಟಿ ಎಲ್ಲಿ ಅಂತ. ಏಣಿ ಹತ್ತಿದ್ರೆ ಕಾಲು ನಡುಗುತ್ತೆ ಅವನಿಗೆ. ಮೂವತ್ತು ವರ್ಷ ಸೂರು ಹಾಕಿದೋನಿಗೆ ಪಾಠ ಹೇಳ್ತಾನೆ! ಭಾವ ನಗ್ತಿದ್ರು: 'ಹಾಕಿಬಿಡಿ ಮೇಸ್ತ್ರಿ, ನಿಮ್ಮ ಗಂಟೇನು ಹೋಗುತ್ತೆ?'

ಅಂದ್ರೆ... ಮೊದಲು ಹಾಗೆ ಅಂದ್ರು. ಆಮೇಲೆ ಅವರೇ ಬೇಸತ್ತು, ಕೊಯ್ದುಬಿಡಿ ಅಂದ್ರು.

ನಗಬೇಡ. ಅಳೋದಾದ್ರೆ ಅಳು, ಹಾಗೆ ನಗಬೇಡ ಕಣಮ್ಮ.

ಅವತ್ತು ಸೋಮವಾರ. ಗರಗಸದ ಒಂದು ತುದಿ ನಾನು, ಇನ್ನೊಂದು ತುದಿ ಭಾವ. ಬೆವರು ಒರೆಸ್ಕೊಂಡು 'ಮುಗೀತಾ?' ಅಂದ್ರು. ಇಷ್ಟು ಹೇಳು ಸಾಕು. ನನ್ನ ಕೈಗೆ ಇನ್ಯಾವ ಕೆಲಸ ಬರುತ್ತೆ, ನೀನೇ ಹೇಳು? ನನ್ನ ಮೇಲೆ ಬಂದ್ರೆ ಜೈಲು...

ಹೇಳ್ತೀಯಲ್ಲ? ...ತಂಗಿ?

ಅಂಗೈ ಯಾಕೆ ನೋಡ್ಕೋತಿದ್ದೀಯ?

...ಇನ್ನೂ ಹೋಗಿಲ್ವಾ ಆ ಬೊಬ್ಬೆ ಕಲೆ. ತಿಂಗಳಾಯ್ತಲ್ಲ... ಮಡಚು ಕೈ. ಮಡಚು ಅಂದೆ!

...

ಹೌದು. ಆ ತುದಿ ಹಿಡಿದಿದ್ದು ನೀನು. ಭಾವ ಮನೇಲೇ ಇರಲಿಲ್ಲ. ಪಟ್ಟಿ ಸೇರಿಸಿದ ಹೊಸ ನಕ್ಷೆ ಹಿಡ್ಕೊಂಡು ಮೊದಲ ಬಸ್ಸಿಗೆ ಕಚೇರಿಗೆ ಹೋಗಿದ್ರು. ಸಂಜೆ ಪರವಾನಗಿ ತಂದ್ರು. ಅಂಗಳದಲ್ಲಿ ಎರಡು ತುಂಡು ನೋಡಿ, ಕಾಗದ ಮಡಚಿ ಜೇಬಿಗೆ ಇಟ್ಕೊಂಡ್ರು. ಒಂದು ಮಾತೂ ಆಡಲಿಲ್ಲ. ನನಗೆ ಮುಖಭಂಗ ಆಗಬಾರದು ಅಂತ.

ಅರ್ಧ ಕೊಯ್ದಾಗ ನೀನು ಗರಗಸ ನಿಲ್ಲಿಸಿದ್ದೆ. 'ಅಣ್ಣಾ, ತಡಿ, ಅವರು ಬರಲಿ' ಅಂದೆ.

ನಾನು 'ಎಳಿ' ಅಂದೆ.