ರಾಹುಕಾಲಕ್ಕೆ ತಡೆದ ಎಂಜಿನ್ ಆಯಿಲ್

...ಅದಕ್ಕೇ ಹೇಳಿದ್ದು, ಮೊದ್ಲು ಗಾಡಿ ಬೀಗದಕೈ ನನ್ನ ಕೈಗೆ ಕೊಡು, ಆಮೇಲೆ ಆ ಬೋಲ್ಟ್ ಬಿಚ್ಚು ಅಂತ. ನಗ್ಬೇಡ್ವೇ. ಆಯಿಲ್ ಬದಲಾಯ್ಸೋದು ಏನ್ ಮಹಾ, ವಿಡಿಯೋ ನೋಡಿದೀನಿ ತಾತಾ ಅಂತೀಯ. ನಾನೂ ಹಾಗೇ ಮೆರೀತಿದ್ದೆ. ಇದೇ ಮದ್ರಾಸು, ಇದೇ ವೆಸ್ಟ್ ಮಾಂಬಲಂ, ಇದೇ ಜಾಗ. ಆಗ ಫ್ಲ್ಯಾಟಿಲ್ಲ, ನಮ್ಮ ಹೆಂಚಿನ ಮನೆ. ಅಪ್ಪ ಹೋದ್ಮೇಲೆ ಅವರ ಮೋಟರ್ ಸೈಕಲ್ ನಾನೇ ನೋಡ್ಕೋತಿದ್ದೆ.

ಅವತ್ತು ಗುರುವಾರ... ಅಲ್ಲಲ್ಲ, ಶುಕ್ರವಾರ. ಶುಕ್ರವಾರಾನೇ, ಹತ್ತೂವರೆಗೆ ರಾಹುಕಾಲ ಅಲ್ವಾ. ನನ್ನ ತಮ್ಮ ಸೀನೂಗೆ ಗಿಂಡಿ ಕಡೆ ಒಂದು ಫ್ಯಾಕ್ಟರೀಲಿ ಇಂಟರ್‌ವ್ಯೂ, ಡ್ರಾಫ್ಟ್ಸ್‌ಮನ್ ಕೆಲಸಕ್ಕೆ. ಏನ್ ಕೈ ಗೊತ್ತಾ ಅವಂದು! ಸ್ಕೇಲ್ ಇಲ್ದೆ ಗೆರೆ ಎಳೆದ್ರೂ ನೂಲು ಹಿಡಿದ ಹಾಗಿರೋದು. ರಾಹುಕಾಲಕ್ಕೆ ಮುಂಚೆ ಹೊಸಿಲು ದಾಟ್ಲಿ ಅಂತ ಅಮ್ಮ ಹತ್ತಕ್ಕೇ ಅವನ್ನ ಟ್ರೇನಿಗೆ ಕಳಿಸಿದ್ರು. ನಾನು ಇಲ್ಲಿ ಹಳೇ ಆಯಿಲೆಲ್ಲ ಬೇಸಿನ್‌ಗೆ ಇಳಿಸಿ, ಬೋಲ್ಟ್ ಬಿಗಿ ಮಾಡಿ, ಹೊಸ ಡಬ್ಬ ಕೈಗೆ ತಗೊಂಡೆ. ಒಳಗಿಂದ ಅಮ್ಮ, "ಏಯ್, ಹತ್ತೂವರೆ ಆಯ್ತು ಕಣೋ! ಹೊಸದೇನೂ ಹಾಕ್ಬೇಡ, ಹನ್ನೆರಡಾಗ್ಲಿ!" ಅಮ್ಮನ ಮಾತು ಮೀರೋದುಂಟೇ? ಸರಿ ಬಿಡು ಅಂತ ಸ್ನಾನಕ್ಕೆ ಹೋದೆ. ಬೀಗದಕೈ ಎಂದಿನ ಮೊಳೇಲೇ ಇತ್ತು, ನೋಡು.

ಅಷ್ಟರಲ್ಲಿ ಟ್ರೇನ್ ನಿಂತೋಗಿದೆ ಅಂತ ಸೀನು ಓಡೋಡಿ ವಾಪಸ್ ಬಂದಿದಾನೆ. "ಅಮ್ಮಾ, ಗಾಡೀಲಿ ಹೋಗ್ತೀನಿ!" ಅಂದ್ನಂತೆ, ಅಮ್ಮ ದೇವರ ಮುಂದೆ ಗಂಟೆ ಬಾರಿಸ್ತಿದ್ರು, ಕೇಳಿಸ್ಲಿಲ್ಲ. ನಂಗೆ ಬಚ್ಚಲಲ್ಲಿ ಗಾಡಿ ಶಬ್ದ ಕೇಳಿಸ್ತು. ಒದ್ದೆ ಮೈಗೆ ಪಂಚೆ ಸುತ್ಕೊಂಡು ಓಡಿದೆ, ಬೀದಿ ಖಾಲಿ. ತೊಟ್ಟು ಆಯಿಲ್ ಇಲ್ದ ಎಂಜಿನ್ ಕಣೇ! ಸೈದಾಪೇಟೆ ಸೇತುವೆ ಹತ್ರ ಒಳಗೇ ಕಚ್ಕೊಂಡು ನಿಂತೋಯ್ತು, ಹಿಂದಿನ ಚಕ್ರ ಬಿಗಿದೋಯ್ತು, ಸೀನು ಬಲಗೈ ಮೇಲೆ ಬಿದ್ದ. ಮಣಿಕಟ್ಟು ಪುಡಿಪುಡಿ. ಮೂಳೆ ಕೂಡ್ಕೊಳ್ಳೋದೇನೋ ಕೂಡ್ಕೊಳ್ತು, ಸೊಟ್ಟಗೆ. ಆ ಕೈ ಮತ್ತೆ ಪೆನ್ಸಿಲ್ ಹಿಡೀಲಿಲ್ಲ. ಟಿ. ನಗರದ ಜವಳಿ ಅಂಗಡೀಲಿ ಎಡಗೈಲಿ ಬಿಲ್ಲಿಗೆ ಸೀಲ್ ಹೊಡೀತಾ ಕೂತ, ರಿಟೈರ್ ಆಗೋ ತನಕ. ಒಂದು ದಿನ, ಒಂದೇ ಒಂದು ದಿನ ನನ್ನ ಬೈಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಆಸ್ಪತ್ರೇಲಿ ಅಮ್ಮ ಹಣೆ ಚಚ್ಕೊಂಡ್ರು. "ಎಣ್ಣೆ ಹಾಕ್ಬೇಡ ಅಂದವಳು ನಾನು. ನಾನೇ ನನ್ನ ಮಗನ ಕೈ ಮುರಿದೆ ಕಣೋ!" ಆಗ ನಾನು ಹೇಳ್ಬೇಕಿತ್ತು, ಅಮ್ಮಾ, ನೀವು ಒಂದೂವರೆ ಗಂಟೆ ತಡೀ ಅಂದಿರಿ ಅಷ್ಟೇ, ಬೀಗದಕೈ ಎತ್ತಿಡದೆ ಹೋದೋನು ನಾನು ಅಂತ. ನಾಳೆ ಹೇಳೋಣ, ನಾಡಿದ್ದು ಹೇಳೋಣ... ಹೇಳ್ಲೇ ಇಲ್ಲ. ಅವತ್ತಿಂದ ಅಮ್ಮ ಪಂಚಾಂಗ ಮುಟ್ಲಿಲ್ಲ. ಸೀನು ಮದುವೆ ಮುಹೂರ್ತಕ್ಕೂ "ನೀವೇ ನೋಡ್ಕೊಳ್ಳಿ, ನನ್ನ ಬಾಯಿ ಒಳ್ಳೇದಲ್ಲ" ಅಂದ್ಬಿಟ್ರು. ಹಾಗೇ ಅಂದ್ಕೊಂಡೇ ಹೋದ್ರು, ಪಾಪ.

ಎಲ್ಲಾ ಅರ್ಥ ಆದೋಳ ಹಾಗೆ ಪುರಿಯುದು ಪುರಿಯುದು ಅಂತ ತಮಿಳಲ್ಲಿ ತಲೆಯಾಡಿಸ್ಬೇಡ, ಕೊಡು ಬೀಗದಕೈ. ಮತ್ತೆ, ನಿನ್ನಿಂದ ಏನಾದ್ರೂ ತಪ್ಪಾದ್ರೆ ಅವತ್ತೇ ಹೇಳ್ಬಿಡು ಕಣಮ್ಮಾ, ಕೇಳೋರು ಇರೋವಾಗ್ಲೇ.