ಕವರ್ ಮೇಲಿನ ಡ್ರಮ್ಮರ್

ಹಲಸೂರಿನ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಅರವತ್ತು ದಾಟಿದ ಇಬ್ಬರು ಕೂತಿದ್ದರು. ಒಂದು ಕಾಲದ ರಾಕ್ ಬ್ಯಾಂಡಿನ ಹಾಡುಗಾರ ಜಗದೀಶ್ ಮತ್ತು ಡ್ರಮ್ಮರ್ ಪ್ರೇಮ್‌ಕುಮಾರ್ ಎಂದು ಅವರ ಮಾತಿನಿಂದಲೇ ತಿಳಿಯಿತು. ಪಾರ್ಶ್ವವಾಯು ಬಡಿದ ಪ್ರೇಮ್‌ಕುಮಾರರ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

“ಇಷ್ಟ್ ವರ್ಷ ಆದ್ಮೇಲೆ ನಮ್ಮ ಆಲ್ಬಂ ಬಂತಲ್ಲ ಪ್ರೇಮ್, ಕೇಳಿದ್ಯಾ?” ಎಂದರು ಜಗದೀಶ್.

“ಕೇಳ್ದೆ. ಡ್ರಮ್ಸ್ ಯಾರ್ದು?”

“ಸ್ಟುಡಿಯೋದವನೊಬ್ಬ. ಚೆನ್ನಾಗ್ ಬಾರಿಸ್ತಾನೆ.”

“ಮತ್ತೆ ಕವರ್ ಮೇಲೆ ನನ್ ಫೋಟೋ ಯಾಕೆ?”

“ನಾಲ್ಕೂ ಜನ ಇದ್ರೇನೇ ಬ್ಯಾಂಡ್ ಅಲ್ವೇನೋ?”

“ರೆಕಾರ್ಡಿಂಗ್ ಇದೆ ಅಂತ ಒಂದ್ ಫೋನಾದ್ರೂ ಮಾಡ್ಬಹುದಿತ್ತು.”

“ನಿನ್ ಕೈ ನೋಡಿದ್ರೆ ಬೇಜಾರಾಗತ್ತೆ ಅಂತ...”

“ಯಾರಿಗೆ?”

ಜಗದೀಶ್ ಮಾತು ಬದಲಿಸಿದರು.

“ಶನಿವಾರ ಇಂದಿರಾನಗರದಲ್ಲಿ ರಿಲೀಸ್ ಮಗಾ. ಸ್ಟೇಜ್ ಮೇಲೆ ಬಂದ್ ನಿಂತ್ಕೋ, ಸಾಕು.”

“ನಿಂತ್ಕೊಂಡ್ ಏನ್ ಮಾಡ್ಲಿ?”

“ಜನಕ್ಕೆ ಕೈ ಎತ್ತು.”

ಹೇಳಿದ ಮೇಲೆ ಜಗದೀಶರ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಒಳಗಿನಿಂದ ಪ್ರೇಮ್‌ಕುಮಾರರ ಹೆಸರು ಕರೆದರು. ಏಳಿಸಲು ಜಗದೀಶ್ ಭುಜ ಹಿಡಿದರು.

“ಬಿಡು, ನಡಿಯಕ್ ಬರತ್ತೆ,” ಎಂದು ಪ್ರೇಮ್‌ಕುಮಾರ್ ತಾವೇ ಎದ್ದರು. ಬಾಗಿಲಲ್ಲಿ ತಿರುಗಿ, “ನಾನ್ ಆಚೆ ಬರೋವರ್ಗೂ ಕಾಯ್ಬೇಡ,” ಎಂದರು.

ಜಗದೀಶ್ ಕಾಯಲಿಲ್ಲ.