ಒದ್ದೆ ಹೊಟ್ಟಿನ ಪಂಜರಗಳು

ಮಾರ್ಚ್ ಮೂವತ್ತೊಂದು, ಶುಕ್ರವಾರ, ಮಧ್ಯಾಹ್ನ ಮೂರೂವರೆ. ಸಂಶೋಧನಾಲಯದ ಎರಡನೇ ಮಹಡಿಯ ಸಭಾಕೋಣೆ. ನಿವೃತ್ತನಾಗುತ್ತಿರುವ ಪ್ರಾಣಿಗೃಹದ ಮೇಲ್ವಿಚಾರಕ ಬೀಳ್ಕೊಡುಗೆಗೆ ಉತ್ತರವಾಗಿ ಆಡಿದ ಮಾತು.

ಅಧ್ಯಕ್ಷತೆ ವಹಿಸಿರುವ ನಿರ್ದೇಶಕಿ ಮೇಡಂ ಅವರೇ, ನನ್ನ ಬಗ್ಗೆ ಒಳ್ಳೆಯದನ್ನಷ್ಟೇ ಹೇಳಿದ ವಿಜ್ಞಾನಿಗಳೇ, ಕಾಫಿಗಾಗಿ ಕಾದಿರುವ ಸಭಿಕರೇ,

ನೀವೆಲ್ಲ ಇಲಿರಾಯರು ಎಂದು ಕರೆಯುವ ನಾನು ಮೂವತ್ತೊಂದು ವರ್ಷ ಇಲಿಗಳೊಂದಿಗೇ ಮಾತಾಡಿದವನು. ಅವು ಎಂದೂ ಗಡಿಯಾರ ನೋಡಲಿಲ್ಲ. ಮಾತು ಉದ್ದವಾದರೆ ಮನ್ನಿಸಬೇಕು.

ಮೇಡಂ ಈಗಷ್ಟೇ ತಮ್ಮ ಹದಿನೆಂಟು ವರ್ಷದ ಹಿಂದಿನ ಲಿಥಿಯಂ ಪ್ರಯೋಗವನ್ನು ನೆನೆದರು. ಸಂಸ್ಥೆಗೆ ಹೆಸರು ತಂದ ಪ್ರಯೋಗ. ದಿನಕ್ಕೊಂದು ಗಂಟೆ ಇಲಿಗಳನ್ನು ಇಕ್ಕಟ್ಟಾದ ಕೊಳವೆಯಲ್ಲಿ ಕೂಡಿಹಾಕಿ ಹೆದರಿಸುವುದು. ಅರ್ಧದಷ್ಟಕ್ಕೆ ಲಿಥಿಯಂ ಬೆರೆಸಿದ ಮೇವು, ಉಳಿದವಕ್ಕೆ ಬರಿಯ ಮೇವು. ಆಮೇಲೆ ತೆರೆದ ಪೆಟ್ಟಿಗೆಯಲ್ಲಿ ಬಿಟ್ಟಾಗ ಬರಿಯ ಮೇವಿನವು ಮೂಲೆ ಹಿಡಿದವು, ಲಿಥಿಯಂ ತಿಂದವು ಆರಾಮಾಗಿ ಓಡಾಡಿದವು.

ಯಾವ ಪಂಜರಕ್ಕೆ ಯಾವ ಮೇವು ಎಂದು ನನಗೆ ತಿಳಿಯಬಾರದಿತ್ತು. ಚೀಲಗಳ ಮೇಲೆ ಬರೀ ಅಂಕಿ. ಆದರೆ ವಾರದೊಳಗೆ ತಿಳಿಯಿತು. ಹೇಗೆ ಅಂತೀರಾ? ಲಿಥಿಯಂ ತಿಂದವು ಒಂದೇ ಸಮನೆ ನೀರು ಕುಡಿಯುತ್ತವೆ. ಅವುಗಳ ಕೆಳಗೆ ಹಾಸಿದ ಮರದ ಹೊಟ್ಟೆಲ್ಲ ಒದ್ದೆ. ಮನಸ್ಸಿನ ಏರುಪೇರಿಗೆ ನನ್ನ ಅಕ್ಕ ತೆಗೆದುಕೊಳ್ಳುವುದೂ ಅದೇ ಔಷಧಿ. ಅವಳ ಮಂಚದ ಪಕ್ಕ ನೀರಿನ ಜಗ್ಗು ಖಾಲಿ ಇದ್ದುದನ್ನು ನಾನು ಕಂಡಿಲ್ಲ.

"ಅವಕ್ಕೂ ನನ್ ಥರಾನೇ ಬಾಯಿ ಒಣಗುತ್ತೇನೋ?" ಎಂದಳು ಅಕ್ಕ, ಇಲಿಗಳ ಸುದ್ದಿ ಹೇಳಿದಾಗ. "ಪಾಪ, ಒದ್ದೇಲಿ ಮಲಗಿಸ್ಬೇಡ ಕಣೋ. ನನಗಂತೂ ಬಟ್ಟೆ ಮಡಚಿಕೊಟ್ಟವನಲ್ಲ, ಅವಕ್ಕಾದ್ರೂ ಮಾಡು."

ನಿಯಮದಂತೆ ಹೊಟ್ಟು ಬದಲಿಸುವುದು ವಾರಕ್ಕೆರಡು ಸಲ. ಆ ಪಂಜರಗಳಿಗೆ ಮಾತ್ರ ದಿನವೂ ಬದಲಿಸಿದೆ. ಒಂದೊಂದನ್ನೇ ಎತ್ತಿ, ಎಡತೋಳಿನ ಮೇಲೆ ಕೂರಿಸಿಕೊಂಡು, ಬೆನ್ನು ಸವರಿ. ಅದನ್ನು ಎಲ್ಲೂ ಬರೆಯಲಿಲ್ಲ. ಬೆನ್ನು ಸವರಿದ್ದನ್ನು ಯಾರಾದರೂ ಬರೆಯುತ್ತಾರೆಯೇ?

ಕೊನೆಯ ಸಾಲಿನಲ್ಲಿರುವ ಸಂಶೋಧನಾ ವಿದ್ಯಾರ್ಥಿನಿ ಎರಡು ವರ್ಷದಿಂದ ಅದೇ ಪ್ರಯೋಗವನ್ನು ಮತ್ತೆ ಮಾಡುತ್ತಿದ್ದಾಳೆ. ಈಗಿನ ಪಂಜರಗಳಿಗೆ ಜಾಲರಿಯ ತಳ. ಕೆಳಗಿನ ತಟ್ಟೆ ಎಳೆದು ತೊಳೆದರಾಯಿತು, ಇಲಿಯನ್ನು ಮುಟ್ಟಬೇಕಿಲ್ಲ. ಅವಳ ಇಲಿಗಳು, ಲಿಥಿಯಂ ತಿಂದವೂ ಸೇರಿ, ಮೂಲೆ ಹಿಡಿಯುತ್ತವೆ. ಅವಳಿಗೆ ಕೆಲಸ ಬರುವುದಿಲ್ಲವೆಂದು ಬಿಡಿಸುವ ಸಭೆ ಸೋಮವಾರ ಹತ್ತಕ್ಕೆ. ಮೊನ್ನೆ ಕೇಳಿದಳು: "ಇಲಿರಾಯ್ರೇ, ಆಗಿನ ಇಲಿಗಳಿಗೆ ಏನು ಮಂತ್ರ ಹಾಕಿದ್ರಿ?" ನಕ್ಕುಬಿಟ್ಟೆ. ಮನೆಗೆ ಹೋದರೆ ಊಟ ಸೇರಲಿಲ್ಲ.

ಅವಕ್ಕೆ ಧೈರ್ಯ ಬಂದದ್ದು ಲಿಥಿಯಂನಿಂದಲೋ, ನನ್ನ ಕೈಯಿಂದಲೋ? ನನಗೆ ಗೊತ್ತಿಲ್ಲ. ಮೇಡಂಗೆ ಗೊತ್ತಾಗುವ ದಾರಿಯೇ ಇರಲಿಲ್ಲ, ನಾನು ಹೇಳಿದ್ದರಲ್ಲವೇ? ಅಕ್ಕನ ಮಾತ್ರೆಯ ವಿಷಯ ಬೇರೆ. ಅದು ಅವಳನ್ನು ಉಳಿಸಿದೆ.

ಇದನ್ನೆಲ್ಲ ಹೇಳಲೆಂದು ವೇದಿಕೆ ಹತ್ತಿದವನಲ್ಲ. ಬಾಯಿ ತಪ್ಪಿತು, ಇನ್ನು ಕೈ ತಪ್ಪಬಾರದು. ಬೀಳ್ಕೊಡುಗೆಯ ಮಾತು ಚಪ್ಪಾಳೆಯೊಂದಿಗೆ ಮುಗಿದುಹೋಗುತ್ತದೆ, ಹಾಗಾಗಿ ಬರೆದು ಸಹಿ ಹಾಕುತ್ತೇನೆ. ನನ್ನ ಗುರುತಿನ ಚೀಟಿ ಬೆಳಿಗ್ಗೆಯೇ ಹಿಂತಿರುಗಿಸಿದ್ದಾಗಿದೆ. ಆ ಕಾಗದ ಹಿಡಿದು ಸೋಮವಾರ ಒಂಬತ್ತೂವರೆಗೆ ಬಾಗಿಲಲ್ಲಿರುತ್ತೇನೆ. ಕಾವಲಿನ ಅಣ್ಣ ಒಳಗೆ ಬಿಡಬೇಕು, ಅಷ್ಟೆ.

ನೀವು ಕೊಟ್ಟ ಗೋಡೆಗಡಿಯಾರಕ್ಕೂ, ಅದನ್ನು ನೋಡದೆ ಕೇಳಿದ್ದಕ್ಕೂ ಕೃತಜ್ಞ. ನಮಸ್ಕಾರ.